ತಡವಾದರೆ ‘ಸಾರಿ’ ಬೇಡ, ‘ಥ್ಯಾಂಕ್ಸ್’ ಹೇಳಿ: ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಕಚೇರಿ ಗೆಳೆಯರ ವಾಟ್ಸಾಪ್ ಗ್ರೂಪ್‌ಗಳಲ್ಲಿ, ಇನ್‌ಸ್ಟಾಗ್ರಾಂ ರೀಲ್‌ಗಳಲ್ಲಿ, ಲಿಂಕ್ಡ್‌ಇನ್‌ನಲ್ಲಿ ಒಂದು ಸಲಹೆ ಆಗಾಗ ಕಾಣಿಸಿಕೊಳ್ಳುತ್ತದೆ. ಒಂದು ಚಿತ್ರ, ಅದರಲ್ಲಿ ಎರಡು ಕಾಲಂ. ಎಡಗಡೆ ‘ಹೀಗೆ ಬರೆಯಬೇಡಿ: ತಡವಾಗಿದ್ದಕ್ಕೆ ಸಾರಿ’ ಎಂದಿರುತ್ತದೆ. ಬಲಗಡೆ ‘ಹೀಗೆ ಬರೆಯಿರಿ: ತಾಳ್ಮೆಯಿಂದ ಕಾದಿದ್ದಕ್ಕೆ ಧನ್ಯವಾದ’ ಎಂದಿರುತ್ತದೆ. ಪದೇ ಪದೇ ಸಾರಿ ಕೇಳುವವರನ್ನು ಕಚೇರಿಯಲ್ಲಿ ಯಾರೂ ಗೌರವಿಸುವುದಿಲ್ಲ ಎಂಬ ಎಚ್ಚರಿಕೆಯೂ ಕೆಲವೊಮ್ಮೆ ಜೊತೆಗಿರುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರಿದವರು, ಸಣ್ಣ ವ್ಯಾಪಾರ ನಡೆಸುವವರು, ಮನೆಯಿಂದಲೇ ಫ್ರೀಲ್ಯಾನ್ಸ್ ಕೆಲಸ ಮಾಡುವವರು ಇದನ್ನು ನಂಬಿ ಹಾಗೇ ಬರೆಯತೊಡಗುತ್ತಾರೆ. ಆದರೆ ಕೆಲಸದ ವಿಷಯದಲ್ಲಿ ತಪ್ಪು ಜಾಗದಲ್ಲಿ ಬಳಸಿದ ಒಂದು ಸಾಲು ಗ್ರಾಹಕರನ್ನು, ಮೇಲಧಿಕಾರಿಯ ನಂಬಿಕೆಯನ್ನು ಕಳೆಯಬಹುದು. ಹಾಗಾಗಿ ಈ ಸಲಹೆಯನ್ನು, ಅದರ ಸುತ್ತ ಇರುವ ಇನ್ನಷ್ಟು ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಚುಟುಕಾಗಿ ಹೇಳುವುದಾದರೆ, ಫಾರ್ವರ್ಡ್‌ನಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಬೇರೆ ಸಂದರ್ಭದ್ದನ್ನು ತಂದು ಇಲ್ಲಿ ಅಂಟಿಸಿದ್ದು. ಕ್ಷಮೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ‘ಸಾರಿ’ ಪದಕ್ಕಿಂತ ಹೆಚ್ಚಾಗಿ ಅದರ ಜೊತೆಗೆ ನೀವು ಏನು ಬರೆಯುತ್ತೀರಿ ಎಂಬುದನ್ನು ಅವಲಂಬಿಸಿದೆ.

ನಂಬಿಕೆ 1: ‘ಸಾರಿ’ಗಿಂತ ‘ಥ್ಯಾಂಕ್ಸ್’ ಯಾವಾಗಲೂ ಉತ್ತಮ

ಈ ಮಾತಿಗೆ ಆಧಾರವೇ ಇಲ್ಲ ಎನ್ನಲಾಗದು. 2020ರಲ್ಲಿ ‘ಜರ್ನಲ್ ಆಫ್ ಮಾರ್ಕೆಟಿಂಗ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದೇ ಪ್ರಶ್ನೆಯನ್ನು ಕೇಳಿತ್ತು. ಸೇವೆಯಲ್ಲಿ ಲೋಪವಾದಾಗ ಗ್ರಾಹಕರಿಗೆ ‘ಕ್ಷಮಿಸಿ’ ಎನ್ನುವುದಕ್ಕಿಂತ ‘ಕಾದಿದ್ದಕ್ಕೆ ಧನ್ಯವಾದ’ ಎಂದಾಗ ಅವರ ಸಮಾಧಾನ ಹೆಚ್ಚಿತ್ತು ಎಂದು ಸಂಶೋಧಕರು ಕಂಡುಕೊಂಡರು. ಅವರು ಕೊಟ್ಟ ಕಾರಣ ಹೀಗಿದೆ: ಕ್ಷಮೆ ಕೇಳಿದಾಗ ಗಮನ ನಮ್ಮ ತಪ್ಪಿನ ಕಡೆ ಹೋಗುತ್ತದೆ. ಧನ್ಯವಾದ ಹೇಳಿದಾಗ ಗಮನ ಗ್ರಾಹಕರ ತಾಳ್ಮೆಯ ಕಡೆ ತಿರುಗುತ್ತದೆ, ಅವರಿಗೆ ತಮ್ಮ ಬಗ್ಗೆ ಒಳ್ಳೆಯ ಭಾವನೆ ಬರುತ್ತದೆ.

ಆದರೆ ಆ ಅಧ್ಯಯನ ನಡೆದಿದ್ದು ಸೇವೆ ಕೊಡುವವರು ಮತ್ತು ಗ್ರಾಹಕರ ನಡುವಿನ ಸಂದರ್ಭಗಳಲ್ಲಿ. ಕಚೇರಿಯ ಸಂಬಂಧ ಹಾಗಲ್ಲ. ಹೋಟೆಲಿನಲ್ಲಿ ದೋಸೆ ಹತ್ತು ನಿಮಿಷ ತಡವಾಗಿ ಬಂದರೆ ನಿಮ್ಮ ಹತ್ತು ನಿಮಿಷ ಹೋಗುತ್ತದೆ, ಅಷ್ಟಕ್ಕೇ ಮುಗಿಯಿತು. ನೀವು ಕಳಿಸಬೇಕಿದ್ದ ಲೆಕ್ಕದ ಹಾಳೆ ಎರಡು ದಿನ ತಡವಾದರೆ ಅದರ ಮೇಲೆ ಕೆಲಸ ಮಾಡಬೇಕಿದ್ದ ಸಹೋದ್ಯೋಗಿಯ ಭಾನುವಾರ ಹೋಗುತ್ತದೆ. ಅವರು ತಾಳ್ಮೆಯಿಂದ ಕಾಯಲೇ ಇಲ್ಲ, ಬೇರೆ ದಾರಿಯಿಲ್ಲದೆ ಕಾದರು. ಅವರಿಗೆ ‘ನಿಮ್ಮ ತಾಳ್ಮೆಗೆ ಧನ್ಯವಾದ’ ಎಂದು ಬರೆದರೆ ಗಾಯಕ್ಕೆ ಉಪ್ಪು ಸವರಿದಂತಾಗಬಹುದು.

ಆದ್ದರಿಂದ ತಡದಿಂದ ಯಾರಿಗೂ ಹೆಚ್ಚಿನ ತೊಂದರೆ ಆಗಿಲ್ಲದಿದ್ದಾಗ ಧನ್ಯವಾದವೊಂದೇ ಸಾಕು. ತೊಂದರೆ ಆಗಿದ್ದರೆ ಮೊದಲು ಕ್ಷಮೆ, ಆಮೇಲೆ ಬೇಕಿದ್ದರೆ ಧನ್ಯವಾದ.

ನಂಬಿಕೆ 2: ಸಾರಿ ಕೇಳಿದರೆ ನಮ್ಮ ತೂಕ ಕಡಿಮೆಯಾಗುತ್ತದೆ

ಆಲಿಸನ್ ವುಡ್ ಬ್ರೂಕ್ಸ್ ಮತ್ತು ಸಂಗಡಿಗರು ಅಮೆರಿಕದ ಒಂದು ರೈಲು ನಿಲ್ದಾಣದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಮಳೆ ಬರುತ್ತಿದ್ದ ದಿನ ಒಬ್ಬ ಅಪರಿಚಿತ ವ್ಯಕ್ತಿ ಪ್ರಯಾಣಿಕರ ಬಳಿ ಹೋಗಿ ಫೋನ್ ಕೇಳುತ್ತಾನೆ. ಕೆಲವರ ಹತ್ತಿರ ನೇರವಾಗಿ ಕೇಳಿದ, ಅವರಲ್ಲಿ ಕೊಟ್ಟವರು 9 ಶೇಕಡಾ ಮಾತ್ರ. ಇನ್ನು ಕೆಲವರ ಹತ್ತಿರ ‘ಈ ಮಳೆಗೆ ಸಾರಿ’ ಎಂದು ಹೇಳಿ ಆಮೇಲೆ ಕೇಳಿದ, 47 ಶೇಕಡಾ ಜನ ಕೊಟ್ಟರು. ಮಳೆ ಅವನ ತಪ್ಪಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ‘ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ’ ಎಂಬ ಸೂಚನೆ ಆ ಮಾತಿನಲ್ಲಿತ್ತು. ಒಂದು ಸಾರಿಯಿಂದ ತೂಕ ಇಳಿಯುತ್ತದೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಒಳ್ಳೆಯ ಕ್ಷಮೆಯಲ್ಲಿ ಏನಿರುತ್ತದೆ? ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 755 ಜನರ ಅಭಿಪ್ರಾಯ ಪಡೆಯಿತು. ಅವರು ಕ್ಷಮೆಯನ್ನು ಆರು ಭಾಗಗಳಾಗಿ ಬಿಡಿಸಿದರು:

- ವಿಷಾದ ವ್ಯಕ್ತಪಡಿಸುವುದು
- ಏನಾಯಿತು ಎಂದು ವಿವರಿಸುವುದು
- ಹೊಣೆ ಒಪ್ಪಿಕೊಳ್ಳುವುದು
- ಮತ್ತೆ ಹೀಗಾಗದು ಎಂಬ ಭರವಸೆ ಕೊಡುವುದು
- ಆಗಿದ್ದನ್ನು ಸರಿಪಡಿಸುವ ದಾರಿ ಹೇಳುವುದು
- ‘ದಯವಿಟ್ಟು ಕ್ಷಮಿಸಿ’ ಎಂದು ಕೇಳಿಕೊಳ್ಳುವುದು

ಇವುಗಳಲ್ಲಿ ಹೆಚ್ಚು ಪರಿಣಾಮ ಬೀರಿದ್ದು ಹೊಣೆ ಒಪ್ಪಿಕೊಳ್ಳುವುದು. ಅದರ ನಂತರದ್ದು ಸರಿಪಡಿಸುವ ದಾರಿ. ಎಲ್ಲಕ್ಕಿಂತ ಕಡಿಮೆ ಪರಿಣಾಮ ಬೀರಿದ್ದು ಯಾವುದು ಗೊತ್ತೇ? ಕ್ಷಮಿಸಿ ಎಂದು ಕೇಳಿಕೊಳ್ಳುವುದು. ನಾವು ಹೆಚ್ಚಾಗಿ ಬರೆಯುವುದು ಆ ಕೊನೆಯದನ್ನೇ. ‘ದಯವಿಟ್ಟು ಕ್ಷಮಿಸಿ ಸರ್, ಬೇಜಾರು ಮಾಡ್ಕೋಬೇಡಿ ಸರ್’ ಎಂದು ಮೂರು ಸಲ ಬರೆದು, ಕೆಲಸ ಯಾವಾಗ ಮುಗಿಯುತ್ತದೆ ಎಂಬುದನ್ನು ಮರೆಯುತ್ತೇವೆ.

ಹೊಣೆ ಒಪ್ಪಿಕೊಳ್ಳುವ ವಿಷಯದಲ್ಲಿ ನಮ್ಮ ಭಾಷೆಯೇ ಒಂದು ಸುಲಭದ ಅಡಗುತಾಣ ಕೊಟ್ಟಿದೆ. ‘ತಡವಾಯಿತು’ ಎನ್ನುತ್ತೇವೆ. ಯಾರಿಂದ? ವಾಕ್ಯದಲ್ಲಿ ಯಾರೂ ಇಲ್ಲ, ತಡ ತಾನಾಗಿಯೇ ಆಗಿಬಿಟ್ಟಿತು. ‘ಕಳಿಸೋದು ಉಳಿದುಹೋಯ್ತು’, ‘ಗಮನಕ್ಕೆ ಬರಲಿಲ್ಲ’, ‘ವಿಳಂಬವಾಗಿದ್ದಕ್ಕೆ ವಿಷಾದಿಸಲಾಗುತ್ತದೆ’ ಎಲ್ಲವೂ ಇದೇ ಜಾತಿ. ಕೊನೆಯದರಲ್ಲಂತೂ ವಿಷಾದಿಸುವವರೂ ನಾಪತ್ತೆ. ಇದರ ಬದಲು ‘ವರದಿಯನ್ನು ನಾನು ತಡ ಮಾಡಿದೆ’ ಎಂದು ಬರೆದು ನೋಡಿ. ಬರೆಯುವಾಗ ಸ್ವಲ್ಪ ಮುಜುಗರವಾಗುತ್ತದೆ. ಓದುವವರಿಗೆ ಮಾತ್ರ ಇನ್ನು ಮುಂದೆ ಯಾರನ್ನು ಕೇಳಬೇಕು ಎಂಬುದು ಸ್ಪಷ್ಟವಾಗುತ್ತದೆ.

ನಂಬಿಕೆ 3: ಏನೋ ಒಂದು ಕಾರಣ ಕೊಟ್ಟರಾಯಿತು

‘ಏಕೆಂದರೆ’ ಎಂಬ ಪದ ಸೇರಿಸಿದರೆ ಸಾಕು, ಜನ ಒಪ್ಪಿಕೊಳ್ಳುತ್ತಾರೆ ಎಂಬ ಸಲಹೆಯನ್ನೂ ನೀವು ನೋಡಿರಬಹುದು. ಇದರ ಮೂಲ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು ನ್ಯೂಯಾರ್ಕ್‌ನಲ್ಲಿ ನಡೆಸಿ 1978ರಲ್ಲಿ ಪ್ರಕಟಿಸಿದ ಝೆರಾಕ್ಸ್ ಮೆಷಿನ್ ಪ್ರಯೋಗ. ಝೆರಾಕ್ಸ್ ಮಾಡಲು ಹೊರಟಿದ್ದವರ ಬಳಿ ಹೋಗಿ ‘5 ಪುಟ ಇದೆ, ನಾನು ಮೊದಲು ಮಾಡಿಕೊಳ್ಳಲೇ?’ ಎಂದಾಗ 60 ಶೇಕಡಾ ಜನ ಬಿಟ್ಟುಕೊಟ್ಟರು. ‘ಏಕೆಂದರೆ ನಾನು ಅವಸರದಲ್ಲಿದ್ದೇನೆ’ ಎಂದಾಗ 94 ಶೇಕಡಾ. ‘ಏಕೆಂದರೆ ನಾನು ಝೆರಾಕ್ಸ್ ಮಾಡಬೇಕು’ ಎಂಬ ಅರ್ಥವಿಲ್ಲದ ಕಾರಣ ಕೊಟ್ಟಾಗಲೂ 93 ಶೇಕಡಾ!

ಫಾರ್ವರ್ಡ್‌ಗಳು ಇಲ್ಲಿಗೆ ನಿಲ್ಲುತ್ತವೆ. ಪ್ರಯೋಗ ಇಲ್ಲಿಗೆ ನಿಂತಿರಲಿಲ್ಲ. ಪುಟಗಳನ್ನು 20ಕ್ಕೆ ಏರಿಸಿದಾಗ ಕಾರಣ ಕೊಡದವರಿಗೆ 24 ಶೇಕಡಾ ಒಪ್ಪಿಗೆ ಸಿಕ್ಕಿತು, ಪೊಳ್ಳು ಕಾರಣಕ್ಕೂ ಅದೇ 24 ಶೇಕಡಾ, ನಿಜವಾದ ಕಾರಣಕ್ಕೆ 42 ಶೇಕಡಾ. ಎದುರಿನವರಿಗೆ ಆಗುವ ತೊಂದರೆ ಹೆಚ್ಚಾದಂತೆ ಅವರು ಕಾರಣವನ್ನು ನಿಜವಾಗಿಯೂ ಕೇಳಿಸಿಕೊಳ್ಳುತ್ತಾರೆ. ‘ಅನಿವಾರ್ಯ ಕಾರಣಗಳಿಂದ’, ‘ಕೆಲವು ತಾಂತ್ರಿಕ ತೊಂದರೆಗಳಿಂದ’ ಎಂಬ ನಮ್ಮ ಸಿದ್ಧ ಸಾಲುಗಳು ಝೆರಾಕ್ಸ್ ಮಾಡಬೇಕು ಎಂಬ ಕಾರಣದಂತೆಯೇ ಪೊಳ್ಳು. ಚಿಕ್ಕ ತಡಕ್ಕೆ ನಡೆದುಹೋಗುತ್ತದೆ, ದೊಡ್ಡದಕ್ಕೆ ನಡೆಯುವುದಿಲ್ಲ.

ಇನ್ನು ಸುಳ್ಳು ಕಾರಣ. ಕರೆಂಟ್ ಇರಲಿಲ್ಲ, ನೆಟ್ ಇರಲಿಲ್ಲ, ಮೇಲ್ ಔಟ್‌ಬಾಕ್ಸ್‌ನಲ್ಲೇ ಉಳಿದಿತ್ತು, ಊರಲ್ಲಿ ಯಾರೋ ತೀರಿಕೊಂಡರು. ಇಲ್ಲೇ ನಿಜವಾದ ಅಪಾಯ ಇರುವುದು. ಪೀಟರ್ ಕಿಮ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹಿಂದಿನ ಕೆಲಸದಲ್ಲಿ ತೆರಿಗೆ ಲೆಕ್ಕ ತಪ್ಪಾಗಿ ಸಲ್ಲಿಸಿದ ಆರೋಪವಿರುವ ಅಕೌಂಟೆಂಟ್ ಅಭ್ಯರ್ಥಿಯ ಸಂದರ್ಶನವನ್ನು ಜನರಿಗೆ ತೋರಿಸಲಾಯಿತು. ತಪ್ಪಿಗೆ ಕಾರಣ ತಿಳಿವಳಿಕೆಯ ಕೊರತೆ ಎಂದಾಗ ಕ್ಷಮೆ ಕೇಳಿದ್ದು ನಂಬಿಕೆಯನ್ನು ಮರಳಿ ತರಲು ಹೆಚ್ಚು ನೆರವಾಯಿತು. ಬೇಕೆಂದೇ ಮಾಡಿದ ಮೋಸ ಎಂದಾಗ ಕ್ಷಮೆಗೆ ಆ ಶಕ್ತಿ ಇರಲಿಲ್ಲ.

ಇದನ್ನು ನಮ್ಮ ವಿಷಯಕ್ಕೆ ಹೊಂದಿಸಿ ನೋಡಿ. ಕೆಲಸ ತಡವಾಗುವುದು ಹೆಚ್ಚಾಗಿ ಸಾಮರ್ಥ್ಯದ, ಸಮಯದ, ಅಂದಾಜಿನ ಸಮಸ್ಯೆ. ಅದಕ್ಕೆ ಕ್ಷಮೆ ಸಿಗುತ್ತದೆ. ಸುಳ್ಳು ಕಾರಣ ಕೊಟ್ಟು ಸಿಕ್ಕಿಬಿದ್ದರೆ ಅದು ಪ್ರಾಮಾಣಿಕತೆಯ ಸಮಸ್ಯೆಯಾಗಿ ಬದಲಾಗುತ್ತದೆ. ನೆಟ್ ಇಲ್ಲ ಎಂದ ಸಂಜೆ ಹಾಕಿದ ವಾಟ್ಸಾಪ್ ಸ್ಟೇಟಸ್, ಶೇರ್ ಮಾಡಿದ ಫೈಲ್‌ನಲ್ಲಿ ಕಾಣುವ ಕೊನೆಯ ಎಡಿಟ್ ಸಮಯ, ಇವೆಲ್ಲ ಸಾಕ್ಷಿ ಹೇಳುವ ಕಾಲ ಇದು.

ಹಾಗೆಂದು ಮನೆಯ ಕಷ್ಟವನ್ನೆಲ್ಲ ಇಮೇಲ್‌ನಲ್ಲಿ ಬಿಚ್ಚಿಡಬೇಕಿಲ್ಲ. ‘ಆರೋಗ್ಯ ಸರಿಯಿರಲಿಲ್ಲ’, ‘ಮನೆಯಲ್ಲಿ ತುರ್ತು ಕೆಲಸವಿತ್ತು’ ಎಂದಷ್ಟೇ ಬರೆಯಬಹುದು, ಅದು ನಿಜವಾಗಿದ್ದರೆ. ‘ಕೆಲಸಕ್ಕೆ ಎಷ್ಟು ಸಮಯ ಬೇಕು ಎಂಬ ನನ್ನ ಅಂದಾಜು ತಪ್ಪಿತು’ ಎಂಬುದೂ ಗೌರವದ ಕಾರಣವೇ.

ನಂಬಿಕೆ 4: ಕೂಡಲೇ ಉತ್ತರಿಸದಿದ್ದರೆ ಸಾರಿ ಕೇಳಲೇಬೇಕು

ಇದು ಮೊದಲ ಫಾರ್ವರ್ಡ್‌ಗೆ ಉಲ್ಟಾ. ಬೆಳಿಗ್ಗೆ ಬಂದ ಮೇಲ್‌ಗೆ ಸಂಜೆ ಉತ್ತರಿಸುವಾಗಲೂ ‘ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮಿಸಿ’ ಎಂದೇ ಶುರು ಮಾಡುವವರಿದ್ದಾರೆ.

ಜನ ನಿಜವಾಗಿ ಎಷ್ಟು ಹೊತ್ತಿನಲ್ಲಿ ಉತ್ತರಿಸುತ್ತಾರೆ? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯಾಹೂ ಮೇಲ್‌ನ 20 ಲಕ್ಷ ಬಳಕೆದಾರರ 1,600 ಕೋಟಿ ಇಮೇಲ್‌ಗಳನ್ನು ವಿಶ್ಲೇಷಿಸಿತು. ಬಂದ ಉತ್ತರಗಳಲ್ಲಿ ಸುಮಾರು ಅರ್ಧದಷ್ಟು ಒಂದು ಗಂಟೆಯೊಳಗೆ ಬಂದಿದ್ದವು. ಇನ್‌ಬಾಕ್ಸ್ ತುಂಬಿದಂತೆ ಜನ ಕಡಿಮೆ ಮೇಲ್‌ಗಳಿಗೆ, ಚಿಕ್ಕದಾಗಿ ಉತ್ತರಿಸುತ್ತಿದ್ದುದೂ ಕಂಡುಬಂತು. ಒಂದು ಗಂಟೆಯ ಲೆಕ್ಕ ಉತ್ತರ ಬಂದ ಮೇಲ್‌ಗಳದ್ದು ಮಾತ್ರ ಎಂಬುದನ್ನು ಗಮನಿಸಿ. ಎಲ್ಲ ಮೇಲ್‌ಗೂ ಗಂಟೆಯೊಳಗೆ ಉತ್ತರಿಸಬೇಕು ಎಂದು ಅದರ ಅರ್ಥವಲ್ಲ.

ಕಳಿಸಿದವರು ನಿಜವಾಗಿ ಏನು ಬಯಸುತ್ತಾರೆ ಎಂಬುದನ್ನು ಲಾರಾ ಜುರ್ಜೆ ಮತ್ತು ವನೆಸ್ಸಾ ಬೋನ್ಸ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದರು. ತುರ್ತಿಲ್ಲದ ಮೇಲ್ ಪಡೆದವರು ‘ಇವರಿಗೆ ಬೇಗ ಉತ್ತರ ಬೇಕಿರಬೇಕು’ ಎಂದು, ಕಳಿಸಿದವರು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಾಗಿಯೇ ಊಹಿಸಿಕೊಳ್ಳುತ್ತಿದ್ದರು. ಇದರಿಂದ ಒತ್ತಡವೂ ಹೆಚ್ಚುತ್ತಿತ್ತು. ‘ಇದು ತುರ್ತಲ್ಲ, ಬಿಡುವಾದಾಗ ಉತ್ತರಿಸಿ’ ಎಂಬ ಒಂದು ಸಾಲನ್ನು ಕಳಿಸುವವರು ಸೇರಿಸಿದಾಗ ಈ ತಪ್ಪು ಊಹೆ ಕಡಿಮೆಯಾಯಿತು. ಮ್ಯಾನೇಜರ್ ಆಗಿರುವವರು ಈ ಸಾಲನ್ನು ಇಂದಿನಿಂದಲೇ ಬಳಸಬಹುದು, ಖರ್ಚೇನೂ ಇಲ್ಲ.

ಉತ್ತರ ತಡವಾಗುವುದು ಬೇರೆ, ಒಪ್ಪಿಕೊಂಡ ಕೆಲಸ ತಡವಾಗುವುದು ಬೇರೆ. ನೀವು ಯಾವ ದಿನವನ್ನೂ ಒಪ್ಪಿಕೊಂಡಿರದಿದ್ದರೆ, ಯಾರೂ ನಿಮಗಾಗಿ ಕಾಯದಿದ್ದರೆ, ನೇರವಾಗಿ ವಿಷಯಕ್ಕೆ ಬನ್ನಿ. ದಿನವನ್ನು ಒಪ್ಪಿ ತಪ್ಪಿಸಿದ್ದರೆ ಕ್ಷಮೆ ಕೇಳಿ.

ನಂಬಿಕೆ 5: ತಡವಾದರೂ ಪರವಾಗಿಲ್ಲ, ಕೆಲಸ ಚೆನ್ನಾಗಿದ್ದರೆ ಎಲ್ಲ ಮರೆಯುತ್ತಾರೆ

ಟೊರಾಂಟೊ ವಿಶ್ವವಿದ್ಯಾಲಯದ ಸ್ಯಾಮ್ ಮಾಗ್ಲಿಯೊ ಮತ್ತು ಡೇವಿಡ್ ಫ್ಯಾಂಗ್ ಅವರ ಸಂಶೋಧನೆ ಇದನ್ನು ಒಪ್ಪುವುದಿಲ್ಲ. ಒಂದೇ ಕೆಲಸವನ್ನು ತೋರಿಸಿ, ಕೆಲವರಿಗೆ ಇದು ಗಡುವಿನೊಳಗೆ ಬಂದಿದ್ದು ಎಂದೂ ಕೆಲವರಿಗೆ ಗಡುವು ಮೀರಿ ಬಂದಿದ್ದು ಎಂದೂ ಹೇಳಲಾಯಿತು. ಗಡುವು ಮೀರಿದ್ದು ಎಂದು ತಿಳಿದವರು ಅದೇ ಕೆಲಸದ ಗುಣಮಟ್ಟಕ್ಕೆ ಕಡಿಮೆ ಅಂಕ ಕೊಟ್ಟರು.

ಆದ್ದರಿಂದ ಒಳ್ಳೆಯ ದಾರಿ ಗಡುವು ಮೀರುವ ಮೊದಲೇ ಹೊಸ ದಿನ ಕೇಳಿ ಒಪ್ಪಿಸಿಕೊಳ್ಳುವುದು. ಎದುರಿನವರು ಒಪ್ಪಿದ ಮೇಲೆ ಅದು ತಡವೇ ಅಲ್ಲ, ಹೊಸ ಗಡುವು. ಅವರೂ ತಮ್ಮ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಆ ಹೊಸ ದಿನವನ್ನು ಹೇಳುವಾಗ ಎಚ್ಚರ ಬೇಕು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ‘ನಿಮ್ಮ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು?’ ಎಂದು ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ. ನಿಜವಾಗಿ ಹಿಡಿದಿದ್ದು ಸುಮಾರು 55 ದಿನ. ‘ಎಲ್ಲವೂ ಕೆಟ್ಟರೆ ಎಷ್ಟು ದಿನ?’ ಎಂಬುದಕ್ಕೆ ಅವರು ಕೊಟ್ಟಿದ್ದ ಸರಾಸರಿ ಉತ್ತರವೂ 49 ದಿನವನ್ನು ದಾಟಿರಲಿಲ್ಲ. ತಪ್ಪಿತಸ್ಥ ಭಾವದಲ್ಲಿರುವಾಗ ನಾವು ಇನ್ನೂ ಉದಾರವಾಗಿ ‘ನಾಳೆ ಬೆಳಿಗ್ಗೆ ಕಳಿಸ್ತೀನಿ’ ಎಂದುಬಿಡುತ್ತೇವೆ. ಹಿಂದೊಮ್ಮೆ ದೆವ್ವ ಓಡಿಸಲು ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಇಮೇಲ್‌ನ ‘ನಾಳೆ’ಯೂ ಹಾಗೆಯೇ ಮುಂದೆ ಮುಂದೆ ಹೋಗುತ್ತಿರುತ್ತದೆ. ಒಮ್ಮೆ ತಪ್ಪಿದ ದಿನವನ್ನು ಜನ ಮರೆಯಬಹುದು, ಕ್ಷಮೆ ಕೇಳಿ ಕೊಟ್ಟ ಎರಡನೇ ದಿನವೂ ತಪ್ಪಿದರೆ ಮೂರನೆಯದನ್ನು ನಂಬುವುದು ಕಷ್ಟ. ನಿಮ್ಮ ಅಂದಾಜಿಗೆ ಒಂದೆರಡು ದಿನ ಸೇರಿಸಿಯೇ ಹೇಳಿ.

ಹಾಗಾದರೆ ಹೇಗೆ ಬರೆಯುವುದು?

ಹೆಚ್ಚಾಗಿ ಬರೆಯುವ ರೀತಿ ಇದು:

“ಸರ್, ವಿಳಂಬಕ್ಕಾಗಿ ದಯವಿಟ್ಟು ಕ್ಷಮಿಸಿ. ಅನಿವಾರ್ಯ ಕಾರಣಗಳಿಂದ ವರದಿ ತಡವಾಗಿದೆ. ಆದಷ್ಟು ಬೇಗ ಕಳಿಸುತ್ತೇನೆ. ಮತ್ತೊಮ್ಮೆ ಕ್ಷಮೆ ಇರಲಿ.”

ಎರಡು ಸಲ ಕ್ಷಮೆ ಇದೆ. ಓದಿದವರಿಗೆ ಬೇಕಾದ ಒಂದೂ ಮಾಹಿತಿ ಇಲ್ಲ. ಈಗ ಇದನ್ನು ನೋಡಿ:

“ಸರ್, ಮಾರಾಟದ ವರದಿಯನ್ನು ಶುಕ್ರವಾರ ಕೊಡುತ್ತೇನೆಂದು ಹೇಳಿ ತಡ ಮಾಡಿದ್ದೇನೆ, ಸಾರಿ. ಎರಡು ಜಿಲ್ಲೆಗಳ ಅಂಕಿಗಳನ್ನು ತಾಳೆ ನೋಡಲು ಬೇಕಾಗುವ ಸಮಯವನ್ನು ನಾನು ಕಡಿಮೆ ಅಂದಾಜಿಸಿದೆ. ಸೋಮವಾರದ ಮೀಟಿಂಗ್‌ಗೆ ತೊಂದರೆಯಾಗಬಾರದೆಂದು ಮುಗಿದಿರುವ ಭಾಗವನ್ನು ಈಗಲೇ ಲಗತ್ತಿಸಿದ್ದೇನೆ. ಉಳಿದಿದ್ದನ್ನು ಮಂಗಳವಾರ ಸಂಜೆ 5ರೊಳಗೆ ಕಳಿಸುತ್ತೇನೆ. ಅದಕ್ಕಿಂತ ಮೊದಲು ಬೇಕಿದ್ದರೆ ತಿಳಿಸಿ, ಮುಖ್ಯವಾದ ಅಂಕಿಗಳನ್ನು ಮೊದಲು ಕೊಡುತ್ತೇನೆ.”

ಸಾರಿ ಒಂದೇ ಸಲ ಇದೆ. ಯಾರ ಹೊಣೆ, ಯಾಕೆ, ಯಾರಿಗೆ ತೊಂದರೆ, ಈಗ ಏನು ಮಾಡಲಾಗಿದೆ, ಯಾವಾಗ ಮುಗಿಯುತ್ತದೆ ಎಂಬ ಐದೂ ಇವೆ. ಇಂಗ್ಲಿಷ್‌ನಲ್ಲಿ ಬರೆದರೂ ಕ್ರಮ ಇದೇ. ತಪ್ಪು ತಂಡದ್ದಾಗಿದ್ದರೆ ‘ನಾವು ತಡ ಮಾಡಿದೆವು’ ಎನ್ನಿ, ಸಹೋದ್ಯೋಗಿಯ ಹೆಸರು ಹೇಳಿ ಜಾರಿಕೊಳ್ಳಬೇಡಿ.

ಒಂದು ಮಾತು ನೆನಪಿರಲಿ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಕೆನಡಾದ ಸಂಶೋಧಕರವು. ನಮ್ಮ ಕಚೇರಿಗಳಲ್ಲಿ ಹಿರಿಯರು, ಕಿರಿಯರು ಎಂಬ ಅಂತರ ಹೆಚ್ಚು. ಹಿರಿಯರಿಗೆ ಬರೆಯುವಾಗ ವಿನಯದ ಮಾತು ಒಂದೆರಡು ಹೆಚ್ಚಿದ್ದರೆ ತಪ್ಪೇನಿಲ್ಲ. ಅದು ಮಾಹಿತಿಯ ಜಾಗವನ್ನು ತಿನ್ನಬಾರದು, ಅಷ್ಟೇ.

ಸಾರಿ ಸಾಲದ ವಿಳಂಬಗಳು

ಕೆಲವು ವಿಳಂಬಗಳಿಗೆ ಕಾನೂನೇ ಬೆಲೆ ಕಟ್ಟಿದೆ. ಅಲ್ಲಿ ಎಷ್ಟೇ ಚೆಂದದ ಕ್ಷಮೆ ಬರೆದರೂ ಲೆಕ್ಕ ಮುಗಿಯುವುದಿಲ್ಲ.

- ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಂದ ಸರಕು, ಸೇವೆ ಪಡೆದವರು ಒಪ್ಪಂದದ ದಿನದೊಳಗೆ ಹಣ ಕೊಡಬೇಕು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಆ ಅವಧಿ 45 ದಿನ ಮೀರುವಂತಿಲ್ಲ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ‘ಪೇಮೆಂಟ್ ತಡವಾಗಿದ್ದಕ್ಕೆ ಸಾರಿ’ ಎಂಬ ಮೇಲ್ ಪಡೆಯುವ ಸಣ್ಣ ವ್ಯಾಪಾರಿಗಳು ಇದನ್ನು ತಿಳಿದಿರಬೇಕು.
- ಕರ್ನಾಟಕದ ಸಕಾಲ ಕಾಯ್ದೆ (2011) ಅಡಿ ಬರುವ ಸೇವೆ ನಿಗದಿತ ದಿನದೊಳಗೆ ಸಿಗದಿದ್ದರೆ, ಮೇಲ್ಮನವಿ ಸಲ್ಲಿಸಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಲು ಅವಕಾಶವಿದೆ.
- ಮಾಹಿತಿ ಹಕ್ಕು ಅರ್ಜಿಗೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು.

ಇನ್ನೊಂದು ಎಚ್ಚರಿಕೆ: ಟೆಂಡರ್, ದಂಡದ ಷರತ್ತಿರುವ ಒಪ್ಪಂದದಂತಹ ವಿಷಯಗಳಲ್ಲಿ ಇಮೇಲ್‌ನಲ್ಲಿ ಬರೆದ ತಪ್ಪೊಪ್ಪಿಗೆಯನ್ನು ಮುಂದೆ ಸಾಕ್ಷ್ಯವಾಗಿ ತೋರಿಸಬಹುದು. ಅಲ್ಲಿ ಉತ್ತರಿಸುವ ಮೊದಲು ಸಂಸ್ಥೆಯ ಕಾನೂನು ಸಲಹೆಗಾರರನ್ನು ಕೇಳಿ. ದಿನನಿತ್ಯದ ವರದಿ, ಫೈಲ್, ಡಿಸೈನ್ ಮೇಲ್‌ಗಳಿಗೆ ಈ ಭಯ ಬೇಕಿಲ್ಲ.

ನಮ್ಮ ತೀರ್ಮಾನ

‘ಸಾರಿ ಬೇಡ, ಥ್ಯಾಂಕ್ಸ್ ಹೇಳಿ’ ಎಂಬುದು ಭಾಗಶಃ ನಿಜ. ಗ್ರಾಹಕ ಸೇವೆಯ ಸಂದರ್ಭಗಳಲ್ಲಿ ಕಂಡ ಫಲಿತಾಂಶವನ್ನು ಎಲ್ಲ ಕೆಲಸದ ಇಮೇಲ್‌ಗಳಿಗೂ ಅನ್ವಯಿಸುವುದು ತಪ್ಪುದಾರಿಗೆಳೆಯುತ್ತದೆ. ಕಾಯುತ್ತಿರುವವರಿಗೆ ಬೇಕಿರುವುದು ಒಂದು ನೇರ ಒಪ್ಪಿಗೆ, ಒಂದು ನಿಜವಾದ ಕಾರಣ, ಒಂದು ಖಚಿತ ದಿನ. ಆ ಎರಡು ಕಾಲಂನ ಚಿತ್ರ ಮುಂದಿನ ಸಲ ನಿಮ್ಮ ಗ್ರೂಪ್‌ಗೆ ಬಂದಾಗ ಈ ಲೇಖನವನ್ನೂ ಜೊತೆಗೆ ಕಳಿಸಿ. ಯಾರಿಗಾದರೂ ಉತ್ತರ ಕೊಡುವುದು ಬಾಕಿ ಇದ್ದರೆ ಮೊದಲು ಆ ಮೇಲ್ ಬರೆಯಿರಿ, ಫಾರ್ವರ್ಡ್ ಆಮೇಲೆ ಮಾಡಬಹುದು.